ಬಲಗಡೆ ಕಡ್ಡಿ

ಫೆಬ್ರವರಿ 9

ಷಟರ್ ಎತ್ತಿದೆ. ಧೂಳು ಹೊಡೆದೆ. ಒಬ್ಬ ಗಿರಾಕಿ ಊಟದ ಮೇಜಿನ ಕೆಳಗೆ ತೂರಿ ನಾಲ್ಕೂ ಕಾಲು ಅಲ್ಲಾಡಿಸಿ ನೋಡಿದ. ಬುದ್ಧಿವಂತ. ಇಂಥವರು ಕೊಳ್ಳುವುದಿಲ್ಲ. ಕಾಲು ನೋಡದೆ ಕನ್ನಡಿ ನೋಡುವವರೇ ನನ್ನಂಥ ಹಳೇ ಫರ್ನಿಚರ್ ಅಂಗಡಿಯವನಿಗೆ ಅನ್ನ ಹಾಕುವವರು.

ಸಂಜೆ ಕೈ ತಾನಾಗಿ ಫೋನಿಗೆ ಹೋಯಿತು. ಅಂಗಡಿ ಮುಚ್ಚುವ ಹೊತ್ತಿಗೆ ಅಕ್ಕನಿಗೆ ಫೋನ್ ಮಾಡಿ ಅವತ್ತಿನ ಗಿರಾಕಿಗಳನ್ನೆಲ್ಲ ಆಡಿಕೊಂಡು ನಕ್ಕರೇನೇ ದಿನ ಮುಗಿದ ಲೆಕ್ಕ. ಅವಳು ಹೋಗಿ ಒಂದು ತಿಂಗಳು. ಬಾಯಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಅದಕ್ಕೇ ಈ ಡೈರಿ. ಯಾರದೋ ಮೇಜಿನ ಡ್ರಾಯರಿನಲ್ಲಿ ಸಿಕ್ಕಿದ್ದು. ಹಳೇ ವರ್ಷದ್ದು, ವಾರ ತಾಳೆಯಾಗುವುದಿಲ್ಲ. ಇರಲಿ.

ಅಳು ಬಂದಿಲ್ಲ. ಬರಬೇಕಿತ್ತು.

ಫೆಬ್ರವರಿ 10

ಭಾವ ಅಂಗಡಿಯ ಹಿಂದಿನ ರೂಮಿನಲ್ಲಿದ್ದಾರೆ. ಅಕ್ಕನ ಮನೆ ಬಾಡಿಗೆಯದು, ಖಾಲಿ ಮಾಡಿಸಿದೆ. ನಮ್ಮ ಮನೆ ಮೇಲೆ. ಲಕ್ವ ಹೊಡೆದಾಗಿನಿಂದ ಭಾವನ ಬಲಗಡೆ ಪೂರ್ತಿ ರಜೆ. ಎಡಗೈ ಮಾತ್ರ ಡ್ಯೂಟಿಯಲ್ಲಿದೆ. ಹಿಂದಿನ ಬಾತ್‌ರೂಮಿನ ಬಾಗಿಲಲ್ಲಿ ವೀಲ್‌ಚೇರ್ ಹೋಗುವುದಿಲ್ಲ. ನಾನೂ ನನ್ನ ಹೆಂಡತಿಯೂ ಆ ಕಡೆ ಈ ಕಡೆ ಹಿಡಿದು ಅಡ್ಡಡ್ಡ ನುಗ್ಗಿಸುತ್ತೇವೆ. ಡಬಲ್ ಬೀರು ಸಾಗಿಸಿದ ಹಾಗೆ.

ಹೆಂಡತಿ ಸೊಂಟಕ್ಕೆ ಮುಲಾಮು ತಿಕ್ಕಿಕೊಳ್ಳುತ್ತಾ ಅಂದಳು: "ಭಾವನಿಗೆ ಒಂದು ಒಳ್ಳೇ ವೃದ್ಧರ ಹೋಮ್ ನೋಡ್ರೀ. ನಾನು ಬೇಡ ಅಂತಿಲ್ಲ. ನನ್ನ ಸೊಂಟ ಅಂತಿದೆ."

ಸೊಂಟದ ಹತ್ತಿರ ಯಾರು ವಾದ ಮಾಡುತ್ತಾರೆ.

ಫೆಬ್ರವರಿ 12

ಹೋಮ್ ನೋಡಿ ಬಂದೆ. ಚೊಕ್ಕವಾಗಿದೆ. ಅಗಲ ಬಾಗಿಲು, ಗೋಡೆಗೆಲ್ಲ ಹಿಡಿಕೆ. ಮ್ಯಾನೇಜರಮ್ಮ ಒಳ್ಳೆಯ ಹೆಂಗಸು, ಮಾತಿಗೆ ಮುಂಚೆ ಫಾರಂ ಕೊಡುತ್ತಾಳೆ. ಹಾಲ್‌ನಲ್ಲಿ ಮುದುಕರು ಕೂತಿದ್ದ ಕುರ್ಚಿಗಳು ನನ್ನವೇ. ಹೋದ ವರ್ಷ ನಾನೇ ಮಾರಿದ್ದು. ಒಂದರ ಕೈ ಸಡಿಲ ಅಂತ ಗೊತ್ತಿತ್ತು. ಇನ್ನೂ ಸಡಿಲವೇ ಇದೆ.

ಭಾವನಿಗೆ ಹೇಳಿದೆ. ಗಿರಾಕಿಗೆ ಹೇಳುವ ಹಾಗೆ—ಬೆಳಕು ಚೆನ್ನಾಗಿದೆ, ಗಾಳಿ ಚೆನ್ನಾಗಿದೆ.

ಕೇಳಿಸಿಕೊಂಡರು. ಆಮೇಲೆ ಎಡಗೈಯಲ್ಲಿ ಮಂಚದ ಕೆಳಗೆ ತೋರಿಸಿದರು. "ಆ ಪೆಟ್ಟಿಗೆ ಎಳಿ."

ವಿಮಾನದ ಕಿಟ್. ಭಾವ ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಿದ್ದವರು. ಭಾನುವಾರವೆಲ್ಲ ಮೈದಾನದಲ್ಲಿ ರಿಮೋಟ್ ವಿಮಾನ ಹಾರಿಸುವ ಹುಚ್ಚು. ಇದು ಆಟಿಕೆ ಅಲ್ಲ, ರೆಕ್ಕೆ ಜೋಡಿಸಿಟ್ಟರೆ ಡಬಲ್ ಕಾಟ್‌ಗಿಂತ ಉದ್ದ. ಪೆಟ್ರೋಲ್ ಎಂಜಿನ್. ಅಕ್ಕನೂ ಅವರೂ ಸೇರಿ ಅರ್ಧ ಮಾಡಿಟ್ಟಿದ್ದಾರೆ. ಬಾಲ್ಸಾ ಅನ್ನುವ ಮರ, ಹಪ್ಪಳದಷ್ಟು ಹಗುರ. ಇಂಥದರಲ್ಲಿ ಕುರ್ಚಿ ಮಾಡಿದ್ದರೆ ನನ್ನ ಬೆನ್ನು ಇವತ್ತಿಗೂ ನೆಟ್ಟಗಿರುತ್ತಿತ್ತು.

"ಇದು ಒಂದು ಸಲ ಸರಿಯಾಗಿ ಹಾರಿ ಸರಿಯಾಗಿ ಇಳೀಲಿ" ಅಂದರು. "ಆಮೇಲೆ ನೀನು ಎಲ್ಲಿ ಬಿಟ್ಟರೂ ಗೊಣಗಲ್ಲ."

"ಮಾತು?"

"ಮಾತು."

ಎಡಗೈ ಕುಲುಕಿದೆವು. ವ್ಯಾಪಾರ ಕುದುರಿತು. ಹೋಮಿಗೆ ಫೋನ್ ಮಾಡಿ ರೂಮು ಹಿಡಿದಿಡಿ ಅಂದೆ.

ಫೆಬ್ರವರಿ 22

ಅಂಗಡಿ ಮುಚ್ಚಿದ ಮೇಲೆ ಇದೇ ಕೆಲಸ. ರೆಕ್ಕೆಯೊಳಗೆ ಸಾಲಾಗಿ ತೆಳು ಹಲಗೆಗಳು—ಪಕ್ಕೆಲುಬು ಅನ್ನುತ್ತಾರೆ. ನಾನು ಹಿಡಿಯಬೇಕು, ಭಾವ ಗೋಂದು ಹಾಕಬೇಕು. ನನಗೆ ಗೋಂದು ಕೊಡುವುದಿಲ್ಲ.

"ನಿನ್ನ ಕೈಯಲ್ಲಿ ಕೊಟ್ಟರೆ ಸೋಫಾ ಆಗುತ್ತೆ."

"ಸೋಫಾ ಯಾರನ್ನೂ ಆಕಾಶದಿಂದ ಕೆಡವಿಲ್ಲ ಭಾವ."

"ನಿನ್ನ ಸೋಫಾ ನೆಲದ ಮೇಲೇ ಕೆಡವುತ್ತಲ್ಲಪ್ಪ, ಆಕಾಶ ಯಾಕೆ?"

ಅಕ್ಕನ ಮಾತು ಇಬ್ಬರೂ ಎತ್ತುವುದಿಲ್ಲ.

ಇವತ್ತು ಗಮನಿಸಿದೆ. ಒಂದೇ ಪಕ್ಕೆಲುಬನ್ನು ನಿನ್ನೆಯೂ ತಿಕ್ಕಿದರು, ಇವತ್ತೂ ತಿಕ್ಕಿದರು. ಮರಳು ಕಾಗದ ಸವೆದು ನುಣ್ಣಗಾಗಿದೆ, ಕೈ ನಿಲ್ಲಿಸಿಲ್ಲ. ಕೆಲಸ ಎಳೆಯುವುದು ಹೇಗೆ ಅಂತ ನನಗೆ ಹೇಳಿಕೊಡಬೇಕೆ? ಪಾಲಿಶ್‌ಗೆ ಕೊಟ್ಟ ಮಂಚಕ್ಕೆ ನಾನು ಎಷ್ಟು ಜನಕ್ಕೆ ನಾಳೆ ನಾಡಿದ್ದು ಅಂದಿಲ್ಲ.

ಹಲಗೆ ಹಿಡಿದುಕೊಂಡೇ ಇದ್ದೆ.

ಮಾರ್ಚ್ 4

ರೆಕ್ಕೆಗೆ ಹಳದಿ ಪ್ಲಾಸ್ಟಿಕ್ ಫಿಲಂ ಅಂಟಿಸಿದೆವು. ಇಸ್ತ್ರಿ ಪೆಟ್ಟಿಗೆ ಬೇಕು. ಮೇಲಿನಿಂದ ಕೇಳದೇ ತಂದೆ. ಹೆಂಡತಿ ಇಳಿದು ಬಂದಳು.

"ನನ್ನ ಇಸ್ತ್ರಿ ಪೆಟ್ಟಿಗೆಗೆ ಏನ್ರೀ ಇದು ಮೆತ್ತಿರೋದು?"

"ರೆಕ್ಕೆ" ಅಂದರು ಭಾವ.

"ನಿಮ್ಮ ಅಂಗಿಗೂ ಅಂಟುತ್ತೆ ನೋಡ್ತಿರಿ ಭಾವ, ಹಾರಿ ಹೋಗ್ತೀರಿ."

ಬೈದು ಹೋಗುತ್ತಾಳೆ ಅಂದುಕೊಂಡೆ. ಕೂತಳು. ಸುಕ್ಕು ತೆಗೆಯುವುದು ನನಗಿಂತ ಅವಳಿಗೆ ಚೆನ್ನಾಗಿ ಬರುತ್ತದೆ. ಬಿಸಿ ತಾಗಿದರೆ ಫಿಲಂ ತಮಟೆ ಥರ ಬಿಗಿಯಾಗುತ್ತದೆ. ಬೆರಳಲ್ಲಿ ಬಡಿದು ನೋಡಿದಳು. ಇನ್ನೊಮ್ಮೆ ಬಡಿದಳು.

ಮಾರ್ಚ್ 11

ಒಬ್ಬ ಗಿರಾಕಿ ಅಕ್ಕನ ಬೀರು ಕೇಳಿದ. ಅವಳ ಮನೆ ಸಾಮಾನೆಲ್ಲ ಅಂಗಡಿಯಲ್ಲೇ ಇದೆ, ಇನ್ನೆಲ್ಲಿಡಲಿ. ರೇಟು ಹೇಳಲು ಬಾಯಿ ತೆರೆದೆ. ಬರಲಿಲ್ಲ. ಯಾರದೋ ತಾತನ ತೊಟ್ಟಿಲಿಗೂ ಕಣ್ಣು ಮಿಟುಕಿಸದೆ ರೇಟು ಹೇಳಿದವನು. ಗಿರಾಕಿ ಕಾದ. ನಾನೂ ಕಾದೆ, ಏನಾದರೂ ಬರುತ್ತದೇನೋ ಅಂತ. ಹೋದ.

ಒಳಗೆ ಏನೂ ಇರಲಿಲ್ಲ. ನೋವೂ ಇಲ್ಲ. ಖಾಲಿ ಡ್ರಾಯರ್ ಎಳೆದ ಹಾಗೆ.

ಮಾರ್ಚ್ 13

ವಿಮಾನ ರೆಡಿ. ಮೂತಿಗೆ ಸೀಸದ ತುಂಡು ಕಟ್ಟಿ ತೂಕ ಸರಿ ಮಾಡಿದೆವು.

ಇವತ್ತು ರಿಮೋಟ್ ಪಾಠ. ಎರಡು ಕಡ್ಡಿ. ಎಡಗಡೆಯದರಲ್ಲಿ ಮೂತಿ ಮೇಲೆ ಕೆಳಗೆ, ಬಾಲ ಆಚೆ ಈಚೆ. ಭಾವ ಮೊದಲಿಂದ ಹೀಗೇ ಹಾರಿಸುತ್ತಿದ್ದುದು, ಈಗ ಒಳ್ಳೆಯದಾಯಿತು. ರೆಕ್ಕೆ ಎರಡೂ ಕಡೆ ಮೇಲಕ್ಕೆ ಎತ್ತಿದ ಹಾಗಿರುವುದರಿಂದ ತಿರುಗಿಸಲು ಅಷ್ಟೇ ಸಾಕಂತೆ. ಬಲಗಡೆ ಕಡ್ಡಿ ಎಂಜಿನ್‌ದು. ಜಾಸ್ತಿ, ಕಡಿಮೆ. ಅದು ಭಾವನ ಕೈಗೆ ಆಗುವುದಿಲ್ಲ.

ಲಕ್ವ ಹೊಡೆದ ಮೇಲೆ ಹಳೇ ವಿಮಾನಕ್ಕೆ ಅದನ್ನು ಹಿಡಿಯುತ್ತಿದ್ದವಳು ಅಕ್ಕ. ಪಕ್ಕದಲ್ಲಿ ನಿಂತು, ಬಲಗಡೆ ಕಡ್ಡಿಗೆ ಹೆಬ್ಬೆರಳಿಟ್ಟು. ನನಗೆ ಗೊತ್ತೇ ಇರಲಿಲ್ಲ. ಫೋನಿನಲ್ಲಿ ನಾನೇ ಮಾತಾಡುತ್ತಿದ್ದೆನಲ್ಲ.

"ಯಾವಾಗ ಜಾಸ್ತಿ ಮಾಡಬೇಕು, ಯಾವಾಗ ಕಡಿಮೆ ಅಂತ ಅವಳಿಗೆ ಹೇಗೆ ಹೇಳ್ತಿದ್ರಿ?"

"ಹೇಳ್ತಿರಲಿಲ್ಲ."

"ಮತ್ತೆ?"

"ಎಂಜಿನ್ ಹೇಳುತ್ತೆ. ಬಾಯಿ ಮುಚ್ಚಿಕೊಂಡವರಿಗೆ ಕೇಳಿಸುತ್ತೆ."

ಮಾರ್ಚ್ 15. ರಾತ್ರಿ.

ಟೆಂಪೋದಲ್ಲಿ ವಿಮಾನ, ವೀಲ್‌ಚೇರ್, ಮತ್ತು ಎರಡು ಸೀಟಿನ ಒಂದು ಸೋಫಾ. ವೀಲ್‌ಚೇರ್ ಪಕ್ಕ ಬಗ್ಗಿ ನಿಂತರೆ ನನ್ನ ಬೆನ್ನು ಉಳಿಯುವುದಿಲ್ಲ, ಸೋಫಾದಲ್ಲಿ ಅಂಟಿಕೊಂಡು ಕೂತರೆ ಇಬ್ಬರಿಗೂ ಒಂದು ರಿಮೋಟ್ ಎಟಕುತ್ತದೆ. ಮೈದಾನದ ಉಸ್ತುವಾರಿ ನೋಡುವವನಿಗೆ ಎಲ್ಲರೂ ಮೀಸೆ ಅನ್ನುತ್ತಾರೆ. ಸೋಫಾ ಇಳಿಸುವುದು ನೋಡಿ ಮೀಸೆ ಅಂದ: "ಟೀವಿ ಎಲ್ಲಿ?"

ಏರಿತು. ನಿಜಕ್ಕೂ ಏರಿತು. ನಾನು ಕಡ್ಡಿ ಪೂರ್ತಿ ಮೇಲೆ ತಳ್ಳಿದೆ, ಹುಲ್ಲೆಲ್ಲ ಬಾಗಿತು, ಹಳದಿ ರೆಕ್ಕೆ ನೆಲ ಬಿಟ್ಟಿತು. ಭಾವನ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು.

ಆಮೇಲೆ ತಿರುವು. ಮೇಲೆ ಹೋಯಿತಲ್ಲ, ಇನ್ನು ಎಷ್ಟು ಪೆಟ್ರೋಲ್ ಸುಡಬೇಕು ಅನ್ನಿಸಿತು. ಬೇರೆಯವರ ಮನೆಗೆ ಹೋದರೂ ಖಾಲಿ ರೂಮಿನ ಫ್ಯಾನ್ ಆರಿಸಿ ಬರುವ ಕೈ ಇದು. ಯಾರೂ ಹೇಳದೆ ಹೆಬ್ಬೆರಳು ಕೆಳಗೆ ಬಂತು.

ಮೂತಿ ಬಗ್ಗಿತು. ರೆಕ್ಕೆ ವಾಲಿತು. ಭಾವ ಎಳೆದರು, ಎತ್ತರ ಸಾಲದು. ಎತ್ತರದ ಹುಲ್ಲಿನಲ್ಲಿ ಬಿತ್ತು. ಮೂತಿ ಹೋಯಿತು, ಚಕ್ರದ ಕಾಲು ಹೋಯಿತು.

ವಾಪಸ್ ಬರುವಾಗ ಟೆಂಪೋದಲ್ಲಿ ಭಾವ ಅಂದರು:

"ತಿರುವಿನಲ್ಲಿ ನಿನ್ನ ಅಕ್ಕ ಕೊಡ್ತಿದ್ಲು. ನೀನು ಕಿತ್ಕೊಂಡೆ."

ಸಿಟ್ಟಿನಲ್ಲಿ ಅನ್ನಲಿಲ್ಲ. ಸಿಟ್ಟಿನಲ್ಲಿ ಅಂದಿದ್ದರೆ ಚೆನ್ನಾಗಿತ್ತು.

ಮಾರ್ಚ್ 27

ರಿಪೇರಿ. ಮ್ಯಾನೇಜರಮ್ಮನ ಫೋನ್. "ರೂಮಿಗೆ ಬೇರೆಯವರು ಕೇಳ್ತಿದಾರೆ ಸರ್. ಆರನೇ ತಾರೀಕು ಸೋಮವಾರ ಬೆಳಿಗ್ಗೆ ಬರ್ತೀರಾ, ಇಲ್ಲ ಬಿಡ್ತೀರಾ?" ಬರ್ತೀವಿ ಅಂದೆ.

ಭಾವ ಕೇಳಿಸಿಕೊಂಡರು. "ಹಾಗಾದರೆ ಐದಕ್ಕೆ ಹಾರಿಸೋಣ."

"ಮೂತಿ ಇನ್ನೂ ಹದಿನೈದು ದಿನ ಒಣಗಲಿ ಭಾವ, ಅವಸರ ಏನು?"

ಅಂದ ಮೇಲೆ ಗೊತ್ತಾಯಿತು, ಈಗ ಎಳೆಯುತ್ತಿರುವುದು ನಾನು. ಭಾವನೂ ನನ್ನ ಮುಖ ನೋಡಿದರು.

"ಒಣಗಿದೆ" ಅಂದರು.

ಮಾರ್ಚ್ 31

ಊಟ ಬಡಿಸುತ್ತಾ ಹೆಂಡತಿ: "ಬಾಗಿಲು ಕಿರಿದು ಅಂತ ಮನುಷ್ಯನನ್ನ ಸಾಗಿಸ್ತೀರಲ್ಲ, ಬಾಗಿಲು ಅಗಲ ಮಾಡಿಸೋಕೆ ಏನಾಗಿದೆ?"

"ಹೋಮ್ ಅಂದವಳು ನೀನೇ ಅಲ್ವಾ?"

"ಅಂದಿದ್ದು ನನ್ನ ಸೊಂಟ. ನೀವು ಕೇಳಿದ್ದೂ ಅದನ್ನೇ. ನನ್ನ ಯಾವತ್ತು ಕೇಳಿದ್ರಿ?"

ಅಂಗಡಿಯಲ್ಲಿ ಹಳೇ ಬಾಗಿಲು, ಚೌಕಟ್ಟು ಗೋಡೆಗೆ ಒರಗಿಸಿ ಇಟ್ಟಿದ್ದೇನೆ. ಸಾಲಾಗಿ. ದಿನಾ ಅದರ ಮುಂದೆಯೇ ಓಡಾಡುತ್ತೇನೆ.

ಆದರೆ ಕೈ ಕುಲುಕಿ ಆಗಿದೆ. ಭಾವ ಕೊಟ್ಟ ಮಾತಿನಿಂದ ಹಿಂದೆ ಸರಿಯುವವರಲ್ಲ. ಇಲ್ಲೇ ಇರಿ ಅಂದರೆ ಕರುಣೆ ಅಂದುಕೊಳ್ಳುತ್ತಾರೆ. ನಾಳೆಯೇ ಹೊರಡುತ್ತಾರೆ.

ಏಪ್ರಿಲ್ 5. ರಾತ್ರಿ.

ಮತ್ತೆ ಸೋಫಾ. ಮೀಸೆ ಈ ಸಲ ತಮಾಷೆ ಮಾಡಲಿಲ್ಲ, ಇಳಿಸಲು ಕೈ ಕೊಟ್ಟ.

ಬಾಯಿ ಮುಚ್ಚಿಕೊಂಡೆ. ಏರಿತು. ತಿರುವಿನಲ್ಲಿ ಎಂಜಿನ್ ಸದ್ದು ಭಾರವಾಯಿತು, ಲಾರಿ ದಿಬ್ಬ ಹತ್ತುವಾಗ ಆಗುತ್ತದಲ್ಲ, ಹಾಗೆ. ಹೆಬ್ಬೆರಳಿಗೆ ಮುಂಚೆ ಕಿವಿಗೆ ಗೊತ್ತಾಯಿತು. ಕೊಟ್ಟೆ. ಸದ್ದು ಹಗುರವಾಯಿತು. ಇನ್ನೊಂದು ತಿರುವು. ಕೊಟ್ಟೆ. ಒಬ್ಬನೇ ಮನುಷ್ಯನ ಎರಡು ಕೈ ಹಾಗೆ ಆಯಿತು ಒಂದಷ್ಟು ಹೊತ್ತು. ಅಕ್ಕ ನಿಂತ ಜಾಗ ಇದು ಅನ್ನಿಸಿತು. ಅಷ್ಟೇ ಅನ್ನಿಸಿದ್ದು, ಹೆಚ್ಚಿಗೆ ಏನೂ ಇಲ್ಲ.

"ಸಾಕು. ಇಳಿಸೋಣ. ತಗ್ಗಿಸು."

ಹೆಬ್ಬೆರಳು ತಗ್ಗಲಿಲ್ಲ.

"ತಗ್ಗಿಸೋ."

"ಟ್ಯಾಂಕಿನಲ್ಲಿ ಇನ್ನೂ ಇದೆ ಭಾವ."

ಇನ್ನೊಂದು ಸುತ್ತು. ಮತ್ತೊಂದು. ಹಿಂದಿನಿಂದ ಮೀಸೆ: "ಖಾಲಿಯಾಗುತ್ತೆ ಕಣ್ರೀ! ಯಾರ್ರೀ ಅದು ಎಂಜಿನ್ ಹಿಡಿದಿರೋರು?" ಭಾವ ನನ್ನ ಹೆಬ್ಬೆರಳು ನೋಡಿದರು. ಆಮೇಲೆ ಆಕಾಶ ನೋಡಿದರು. ಮೂರನೇ ಸಲ ಹೇಳಲಿಲ್ಲ. ಇಡೀ ಜೀವಮಾನದಲ್ಲಿ ಉಳಿಸುವುದೊಂದೇ ಕಲಿತವನು, ಇವತ್ತು ಕೊನೇ ಹನಿಯವರೆಗೂ ಸುಟ್ಟೆ.

ಮೇಲೆ ಎಂಜಿನ್ ಎರಡು ಸಲ ಕೆಮ್ಮಿತು. ನಿಂತಿತು.

ಅಷ್ಟು ಮೌನ ನಾನು ಕೇಳಿರಲಿಲ್ಲ. ನನ್ನ ಕಡ್ಡಿ ಮೇಲೆ ತಳ್ಳಿದರೂ ಅಷ್ಟೇ, ಕೆಳಗೆ ಎಳೆದರೂ ಅಷ್ಟೇ. ಕೈ ತೆಗೆದೆ. ಇನ್ನು ಇರುವುದು ಭಾವನ ಎಡಗೈ ಒಂದು. ಮೂತಿ ಸ್ವಲ್ಪ ಬಗ್ಗಿಸಿದರು. ಗಾಳಿ ಸಿಳ್ಳೆ ಹೊಡೆಯಿತು. ಮೈದಾನದ ಆ ತುದಿಯಿಂದ ನಿಧಾನವಾಗಿ ತಿರುಗಿಸಿ, ಎಲ್ಲೂ ಅವಸರ ಇಲ್ಲದೆ, ಮೆಟ್ಟಿಲು ಇಳಿಸಿದ ಹಾಗೆ ಇಳಿಸುತ್ತಾ ತಂದರು. ಚಕ್ರ ತಾಗಿತು. ಪುಟಿಯಿತು. ಓಡಿತು. ಕೊನೆಯಲ್ಲಿ ರೆಕ್ಕೆಯ ತುದಿ ಬೇಲಿಯ ಗೂಟಕ್ಕೆ ಬಡಿದು ಅಂಗೈಯಗಲ ಹರಿಯಿತು.

ಮೀಸೆ ಚಪ್ಪಾಳೆ ಹೊಡೆದ. ಭಾವ ರಿಮೋಟನ್ನು ನನ್ನ ತೊಡೆಯ ಮೇಲಿಟ್ಟರು.

"ನಾಳೆ ಎಷ್ಟು ಹೊತ್ತಿಗೆ ಹೊರಡೋದು?" ಅಂದರು.

ಅವರನ್ನು ವೀಲ್‌ಚೇರಿಗೆ ದಾಟಿಸಿದೆ. ಸೋಫಾ ಎತ್ತಿದೆ.

ಏಪ್ರಿಲ್ 6. ಬೆಳಿಗ್ಗೆ.

ಷಟರ್ ಎತ್ತಿದಾಗ ಭಾವ ತಯಾರಾಗಿ ಕೂತಿದ್ದರು. ಒಳ್ಳೇ ಅಂಗಿ. ಎರಡು ಗುಂಡಿ ತಪ್ಪಾಗಿ ಹಾಕಿದೆ, ಒಂದೇ ಕೈ. ತೊಡೆಯ ಮೇಲೆ ಬ್ಯಾಗು.

ರೆಕ್ಕೆ ತಂದು ಬ್ಯಾಗಿನ ಮೇಲೆ ಇಟ್ಟೆ.

"ಇದೇನು?"

"ಮಾಲು ನೋಡಿ. ಡ್ಯಾಮೇಜ್ ಆಗಿದೆ."

"ಇಳೀತಲ್ಲೋ."

"ಸರಿಯಾಗಿ ಇಳೀಲಿ ಅಂದಿದ್ರಿ. ಇದು ಸರಿಯೇ? ಹರಿದ ಸೋಫಾ ತಂದು ಸರಿಯಾಗಿದೆ ಅಂದರೆ ನಾನು ತಗೊಳ್ತೀನಾ? ನಮ್ಮ ವ್ಯಾಪಾರ ಇನ್ನೂ ಮುಗಿದಿಲ್ಲ ಭಾವ. ಸರಿ ಮಾಡಿ, ಇನ್ನೊಂದು ಸಲ ಹಾರಿಸಿ. ಆಮೇಲೆ ಮಾತು."

ಬಹಳ ಹೊತ್ತು ಹರಿದ ಜಾಗದಲ್ಲೇ ಬೆರಳಾಡಿಸಿದರು.

"ಆವಾಗಲೂ ಎಲ್ಲಾದರೂ ತಗುಲಿದರೆ?"

"ನಿಮ್ಮ ಹಣೇಬರಹ. ನಾನು ಬಹಳ ಕಟ್ಟುನಿಟ್ಟು."

"ಕಳ್ಳ" ಅಂದರು ಭಾವ. ಮುಖ ಆ ಕಡೆ ತಿರುಗಿಸಿಕೊಂಡು ಅಂದರು. "ಗೋಂದು ಎಲ್ಲಿಟ್ಟಿದೀಯ?"

ಕೊಟ್ಟು ಬಂದು ಇಲ್ಲಿ ಗಲ್ಲಾಪೆಟ್ಟಿಗೆ ಹತ್ತಿರ ಕೂತು ಬರೆಯುತ್ತಿದ್ದೇನೆ. ಕಣ್ಣಿಗೆ ಏನೋ ಬಿದ್ದಿದೆ, ಧೂಳಿರಬೇಕು, ಒಂದೇ ಸಮ ಸುರಿಯುತ್ತಿದೆ. ಬಡಗಿ ಬಾತ್‌ರೂಮಿನ ಬಾಗಿಲ ಅಳತೆ ತೆಗೆಯುತ್ತಿದ್ದಾನೆ, ಹೆಂಡತಿ ಅವನ ತಲೆ ತಿನ್ನುತ್ತಿದ್ದಾಳೆ. ಫೋನ್ ಹೊಡೆದುಕೊಳ್ಳುತ್ತಿದೆ. ಮ್ಯಾನೇಜರಮ್ಮನೇ ಇರಬೇಕು. ಎತ್ತಿ ಹೇಳಬೇಕು, ಅಮ್ಮಾ, ರೂಮು ಆ ಬೇರೆಯವರಿಗೇ ಕೊಟ್ಟುಬಿಡಿ, ನಮ್ಮದು ಇನ್ನೂ...

ಭಾವ ಕೂಗುತ್ತಿದ್ದಾರೆ. ಗೋಂದು ಗಟ್ಟಿಯಾಗ್ತಿದೆ, ಈ ತುದಿ ಯಾರು ಹಿಡ್ಕೋತಾರೆ ಅಂತ. ಬಂದೆ ಅಂದೆ. ಫೋನ್ ಆಮೇಲೆ. ಮೊದಲು ಹೋಗಿ