ಕ್ಯಾರವಾನಿನ ಹಿಂಭಾರ

೧೭ ಜನವರಿ, ಶನಿವಾರ

ಜೀಪಿನ ಹಿಂದೆ ಕಟ್ಟಿ ಎಳೆಯುವ ನಮ್ಮ ಮನೆಗಾಡಿ, ಕ್ಯಾರವಾನ್, ಇವತ್ತೂ ಬಾಲ ಅಲ್ಲಾಡಿಸಿತು. ಫೋರ್‌ವೀಲ್ ಜೀಪಿಗೆ ಹೊಸ ಕೊಕ್ಕೆ, ಗಟ್ಟಿ ಸ್ಪ್ರಿಂಗು ಎಲ್ಲ ಹಾಕಿಸಿದ ಮೇಲೂ ಗೊರೂರು ರಸ್ತೆಯಲ್ಲಿ ಐವತ್ತು ದಾಟಿದೊಡನೆ ಅದು ಜೀಪನ್ನೇ ಅತ್ತಿತ್ತ ಎಳೆಯಿತು. ನಾಳೆ ಶೆಟ್ಟಿಹಳ್ಳಿಗೆ ಹೋಗುವುದೇ ಬೇಡ ಎಂದು ಸಿಡುಕುತ್ತಾ ಮನೆಗೆ ಬಂದೆ.

ಅತ್ತೆ ಶಿವಗಂಗಮ್ಮ ಹಳೇಕೋಟೆಯಲ್ಲಿ ಎತ್ತಿನ ಗಾಡಿ ಹೊಡೆದವರು. ಕ್ಯಾರವಾನಿನ ಒಳಗೆ ಇಣುಕಿದರು. "ಅಳಿಯಂದ್ರೇ, ಗಾಡಿ ಇಂಬಾರ ಆಗೈತೆ, ಇಂದ್ಗಡೆ ತೂಕ ಜಾಸ್ತಿ. ಇಂಗಾದ್ರೆ ನೊಗ ಮೇಲಕ್ಕೇಳ್ತದೆ. ಆ ನೀರಿನ ಡ್ರಮ್ಮು ಮುಂದಕ್ಕೆ ತಳ್ಳಿ."

ತಳ್ಳಿದೆ. ಅಕ್ಕಿ ಮೂಟೆ, ಸಿಲಿಂಡರನ್ನೂ ತಳ್ಳಿದೆ. ಮತ್ತೆ ಅದೇ ರಸ್ತೆ. ಅರವತ್ತರಲ್ಲೂ ಕ್ಯಾರವಾನ್ ಸಾಧು ಹಸುವಿನ ಹಾಗೆ ಹಿಂದೆ ಬಂತು. ಈ ಓಲಾಟ ನಿಲ್ಲಿಸುವುದು ಹೇಗೆಂದು ಮೂರು ತಿಂಗಳು ಕೂತು ವಿಡಿಯೊ ನೋಡಿದ್ದು ನೆನೆದು ನಗು ಬಂತು.

ನಾಳೆ ಶೆಟ್ಟಿಹಳ್ಳಿಗೆ ಹೋಗುವಾಗ ಮುಂದಿನ ಸೀಟು ಅತ್ತೆಗೆ. ಯಾವಾಗಲೂ ಅಲ್ಲಿ ಕೂರುವ ಹೆಂಡತಿಗೆ ಇನ್ನೂ ಹೇಳಿಲ್ಲ.