ವಿಭೂತಿ ಹಚ್ಚಿದ ಪೆನ್‌ಡ್ರೈವ್

ಮೇ 26, ಸಂಜೆ

ಹೆಂಡತಿಯ ದನಿಯ ಮೂರನೆಯ ದಿನದ ರೆಕಾರ್ಡಿಂಗ್ ಮುಗಿಯಿತು. ಒಟ್ಟು ಎರಡು ಗಂಟೆ ಹತ್ತು ನಿಮಿಷ. ಬುಧವಾರ ಮೈಸೂರಿನಲ್ಲಿ ಆಪರೇಷನ್. ಗಂಟಲ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯುತ್ತಾರೆ. ಆಮೇಲೆ ಸುಲೋಚನಾ ಮಾತಾಡುವಂತಿಲ್ಲ. ನಲವತ್ತೊಂದು ವರ್ಷ ಅವಳಿಂದ ಬೈಸಿಕೊಂಡ ಕಿವಿ ಇದು.

"ಸತ್ತೋರ್ ಫೋಟೊ ತೆಗ್ದಂಗೆ ಮುಖ ಮಾಡ್ಕಂಡು ಕೂತಿದ್ದೀರಲ್ಲರೀ" ಅಂದಳು. ಅದೂ ರೆಕಾರ್ಡ್ ಆಗಿದೆ.

ಫೋನ್ ತುಂಬಿತ್ತು. ಎಲ್ಲ ಕಂಪ್ಯೂಟರಿಗೆ ಹಾಕಿ ಫೋನಿನಿಂದ ಅಳಿಸಿದೆ.

ಮೇ 27

ಕಂಪ್ಯೂಟರ್ ಕರಕರ ಅನ್ನುತ್ತಿದೆ. ಸೋಮವಾರಪೇಟೆಗೆ ಹೋಗಿ ರಿಪೇರಿ ಅಂಗಡಿಯ ಶಶಿಕುಮಾರನನ್ನು ಕೇಳಿದೆ.

"ಹಾರ್ಡ್ ಡಿಸ್ಕ್ ಯಾವಾಗ್ ಬೇಕಾದ್ರೂ ಕೈ ಕೊಡ್ತದೆ ಸರ್. ಎರಡು ಪೆನ್‌ಡ್ರೈವ್ ತಗಳಿ. ಒಂದ್ರಲ್ಲಿ ಅಮ್ಮೋರ ದನಿ. ಇನ್ನೊಂದ್ರಲ್ಲಿ ರಿಕವರಿ ಮಾಡ್ಕಳಿ, ಕಂಪ್ಯೂಟರ್ ಏಳ್ದೆ ಹೋದ್ರೆ ಅದ್ರಿಂದ ಎಬ್ಬಿಸ್ಬೋದು. ಕೆಟ್ಮೇಲಲ್ಲ, ಈಗ್ಲೇ."

ನ್ಯಾಯವಾದ ಮಾತು. 2018ರಲ್ಲಿ ಗುಡ್ಡ ಜರಿದು ಮನೆ ಕಳೆದುಕೊಂಡವರ ಅರ್ಜಿಗಳನ್ನೆಲ್ಲ ಒಂದು ಕಚೇರಿ ಒಂದೇ ಕಂಪ್ಯೂಟರಿನಲ್ಲಿ ಇಟ್ಟಿತ್ತು. "ಸಿಸ್ಟಂ ಹೋಯ್ತು, ಮತ್ತೆ ಬರ್ಕೊಡಿ" ಅಂದರು. ಪತ್ರಿಕೆಗೆ ಮೂರು ಪತ್ರ ಬರೆದೆ. 'ಇಂಥವರಿಗೆ ಕ್ಷಮೆ ಇಲ್ಲ' — ನನ್ನದೇ ವಾಕ್ಯ.

ದನಿಯ ಪ್ರತಿ ಮಾಡಿದೆ. ರಿಕವರಿಗೆ ಪುರುಸೊತ್ತಾಗಲಿಲ್ಲ. ಮಳೆಗಾಲದ ಶೀತ ತಾಗದಿರಲೆಂದು ಸುಲೋಚನಾ ಎರಡನ್ನೂ ಅಕ್ಕಿ ಡಬ್ಬದಲ್ಲಿ ಹೂತಿಟ್ಟಳು.

ಜೂನ್ 19

ಮೈಸೂರಿನಿಂದ ಬಂದು ನಾಲ್ಕು ದಿನ. ಅವಳ ಕೈಯಲ್ಲಿ ಸ್ಲೇಟು. ರೆಕಾರ್ಡಿಂಗ್ ಕೇಳುತ್ತೀಯಾ ಅಂದೆ. "ಗಾಯ ಮಾಗ್ಲಿ" ಎಂದು ಬರೆದಳು.

ರಿಕವರಿ ಮಾಡಲು ಅಕ್ಕಿ ಡಬ್ಬ ತೆಗೆದೆ. ಒಂದು ಪೆನ್‌ಡ್ರೈವಿಗೆ ಮೂರು ಪಟ್ಟೆ ವಿಭೂತಿ! ಅಂಗನವಾಡಿಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವಳು, ಯಂತ್ರಕ್ಕೂ ಪೂಜೆ. ಬೂದಿ ಒಳಗೆ ಹೋದರೆ ಕೆಡುತ್ತದೆಂದು ಬೈದುಕೊಳ್ಳುತ್ತ ಪಂಚೆಯ ತುದಿಯಿಂದ ಒರೆಸಿದೆ. ಎರಡೂ ಒಂದೇ ಥರ, ಹೊಸದರ ಹಾಗೆ ಹೊಳೆದವು. ಕಾಫಿ ಕುಡಿದು ಬಂದು ಒಂದನ್ನು ಸಿಕ್ಕಿಸಿದೆ.

'ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಸರಿಯೇ?' ಎಂದು ಕಂಪ್ಯೂಟರ್ ಕೇಳಿತು. ಖಾಲಿ ಇರುವುದರಲ್ಲಿ ಅಳಿಸುವುದೇನು — ಒತ್ತಿದೆ. ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಸಮಾಧಾನ.

ಜುಲೈ 22

ಕಂಪ್ಯೂಟರ್ ಏಳಲಿಲ್ಲ. ರಿಕವರಿ ಪೆನ್‌ಡ್ರೈವ್ ಹಾಕಿದೆ. ಪರದೆ ಬೆಳಗಿತು, ಎಲ್ಲ ಶಶಿಕುಮಾರ ಹೇಳಿದ ಹಾಗೆಯೇ. ಡಿಸ್ಕ್ ಮಾತ್ರ ಸತ್ತಿದೆ. ಇರಲಿ, ದನಿ ಬೇರೆ ಇದೆಯಲ್ಲ... ಪಕ್ಕದ ಮನೆಯ ಲ್ಯಾಪ್‌ಟಾಪಿಗೆ ಇನ್ನೊಂದನ್ನು ಸಿಕ್ಕಿಸಿದೆ.

ಖಾಲಿ.

ಜುಲೈ 24

ಶಶಿಕುಮಾರ ಎರಡು ದಿನ ಹೆಣಗಿದ. "ದನಿ ಇದ್ದದ್ರ ಮೇಲೇ ರಿಕವರಿ ಬರ್ಸಿದ್ದೀರಿ ಸರ್. ಡಿಸ್ಕೂ ಓದ್ತಿಲ್ಲ. ಇನ್ನು ಬರಲ್ಲ." ನನ್ನ ಮುಖ ನೋಡದೆ ಹೇಳಿದ.

ಬಸ್ಸಿನಲ್ಲಿ ಅವಳ ದನಿ ನೆನಪಿಸಿಕೊಳ್ಳಲು ನೋಡಿದೆ. ಮಾತು ಬಂತು. ದನಿ ಬರಲಿಲ್ಲ.

ಆಗಸ್ಟ್ 4, ಬೆಳಿಗ್ಗೆ 11

ಹನ್ನೊಂದು ದಿನವಾಯಿತು, ಹೇಳಿಲ್ಲ. ಇವತ್ತು ಸುಮ್ಮನೆ ಕೇಳುವಂತೆ ಕೇಳಿದೆ — ಆ ಪೆನ್‌ಡ್ರೈವಿಗೆ ವಿಭೂತಿ ಯಾಕೆ ಹಚ್ಚಿದ್ದೆ?

ಸ್ಲೇಟಿನಲ್ಲಿ: "ನನ್ ದನಿ ಇರೋದು ಯಾವ್ದಂತ ಗುರ್ತಿಗೆ. ನಿಮ್ಗೆ ಮರೆವು."

ನಕ್ಕಳು. ಶಬ್ದವಿಲ್ಲದ ನಗು. ಒರೆಸಿ ಮತ್ತೆ ಬರೆದಳು: "ಗಾಯ ಮಾಗ್ತು. ಹಾಕಿ, ಕೇಳನ."

ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಿದ್ದಾಳೆ. ಏನೋ ಬರೆಯುತ್ತಿದ್ದೇನೆ, ಮುಗಿಯಲಿ ಅಂದುಕೊಂಡಿದ್ದಾಳೆ. ಮುಗಿಸಿ ಹೇಳುತ್ತೇನೆ. ಈಗಲೇ. ಸುಲೋಚನಾ, ನಾನು