ಗಾಳಿ ತಿರುಗಿತಂತೆ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಫೋನ್ ಮಾಡುವುದು ಬಿಟ್ಟು ಇದೇನು ಕಾಗದ ಎಂದು ನಗಬೇಡ. ಕಾರಣ ಇದೆ. ಜೊತೆಗೆ ಫೋನಿನಲ್ಲಿ ನನಗೆ ಮಾತೇ ಹೊರಡುವುದಿಲ್ಲ, ನಿನಗೆ ಗೊತ್ತಲ್ಲ. ಅಪ್ಪ ಪಕ್ಕದಲ್ಲಿದ್ದರಂತೂ ಮುಗಿದೇ ಹೋಯಿತು.

ಚಂಡಮಾರುತ ಬರುತ್ತಿದೆ. ಆದರೂ ಅಪ್ಪ ನಾಳೆ ಬೆಳಿಗ್ಗೆ ಎದುರಿನ ದ್ವೀಪಕ್ಕೆ ದೋಣಿಯಲ್ಲಿ ಗ್ಯಾಸ್ ಸಿಲಿಂಡರ್ ಸಾಗಿಸಲು ಹೊರಟಿದ್ದಾರೆ. ಯಾರೋ ಒಬ್ಬ ವಿಡಿಯೋ ಮಾಡಿ ಬಿಟ್ಟಿದ್ದಾನೆ. ನಕ್ಷೆಯ ಮೇಲೆ ಕೆಂಪು ಬಾಣ, ಡೋಲಿನ ಸದ್ದು, ಗಾಳಿ ತಿರುಗಿತು ಭಯ ಬೇಡ ಎಂಬ ಕೂಗು. ದಡದಲ್ಲಿ ಎಲ್ಲರ ಫೋನಿನಲ್ಲೂ ಅದೇ, ಅಪ್ಪ ನಂಬಿರುವುದೂ ಅದನ್ನೇ.

ನನಗೆ ಯಾಕೋ ನಂಬಿಕೆ ಬರಲಿಲ್ಲ. ಹವಾಮಾನ ಇಲಾಖೆಯ ಪುಟ ತೆರೆದೆ. ಅಲ್ಲಿ ಡೋಲೂ ಇಲ್ಲ, ಕೂಗೂ ಇಲ್ಲ. ಮೇಲ್ಗಡೆ ಇವತ್ತಿನ ತಾರೀಕು, ಗಂಟೆ, ಮುಂದಿನ ಸುದ್ದಿ ಎಷ್ಟು ಹೊತ್ತಿಗೆ ಎಂಬುದು. ನಾನು ಓದಿದ್ದು ನಾಲ್ಕನೇ ಕ್ಲಾಸು, ಬೆರಳಿಟ್ಟುಕೊಂಡು ಓದಿದೆ. ಅಲ್ಲಿ ಚಂಡಮಾರುತದ ಹೆಸರು ಒಂದು. ವಿಡಿಯೋದ ನಕ್ಷೆಯ ಮೂಲೆಯಲ್ಲಿರುವ ಹೆಸರು ಇನ್ನೊಂದು. ಅದು ಹೋದ ವರ್ಷದ್ದು, ಅಕ್ಕಾ! ತಿರುಗಿ ಹೋಗಿದ್ದು ಆ ಗಾಳಿ. ಇದು ತಿರುಗಿಲ್ಲ. ನಾಳೆ ಬೆಳಿಗ್ಗೆ ನೇರ ನಮ್ಮ ದಡಕ್ಕೇ.

ಊಟಕ್ಕೆ ಕೂತಾಗ ಹೇಗೋ ಹೇಳಿದೆ. ಅಪ್ಪ ತುತ್ತು ಕೆಳಗಿಟ್ಟು ನಕ್ಕರು. "ಓಹೋ, ನಮ್ಮ ಮೂಗಿ ಬಾಯಿ ಬಿಟ್ಟಳು! ಇನ್ನು ಮಳೆ ಗ್ಯಾರಂಟಿ" ಅಂದರು. "ಮಗು ಏನೋ ಹೇಳ್ತಿದೆ, ಸ್ವಲ್ಪ ಕೇಳ್ರೀ" ಅಂದಳು ಅಮ್ಮ. "ಹುಟ್ಟಿದಾಗಿಂದ ಸಮುದ್ರ ನೋಡಿದೀನಿ ಕಣೇ. ಅಂಗೈ ಅಗಲದ ಗಾಜು ನಂಗೆ ಪಾಠ ಹೇಳುತ್ತಾ?" ಅಂದರು. ಆ ಕೆಂಪು ಬಾಣ ನೋಡಿದ್ದೂ ಅಂಗೈ ಅಗಲದ ಗಾಜಿನಲ್ಲೇ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

ಈಗ ಕಿಟಕಿಯಲ್ಲಿ ಕೂತು ಬರೆಯುತ್ತಿದ್ದೇನೆ. ಗಾಳಿ ಒಂದಿಷ್ಟೂ ಇಲ್ಲ. ಆದರೂ ನೀರು ಉಬ್ಬಿ ಇಳಿದು ದೋಣಿ ಕಟ್ಟಿದ ಹಗ್ಗ ಬಿಗಿಯುತ್ತದೆ, ಸಡಿಲಾಗುತ್ತದೆ, ಮತ್ತೆ ಬಿಗಿಯುತ್ತದೆ. ಕಣ್ಣು ಅತ್ತಲೇ ಹೋಗುತ್ತದೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಅಪ್ಪ ನಿನ್ನ ಮಾತನ್ನಾದರೆ ಕೇಳುತ್ತಾರೆ. ಇದು ಕೈಗೆ ಬಂದ ಕೂಡಲೇ ಅವರಿಗೆ ಫೋನ್ ಮಾಡು. ಮರೆಯಬೇಡ, ಅಕ್ಕಾ.

ಇಂತಿ ನಿನ್ನ ತಂಗಿ,
ಮೂಗಿ

ಮರೆತಿದ್ದೆ: ಲಕೋಟೆಯೊಳಗೆ ಬಟ್ಟೆಯಲ್ಲಿ ಸುತ್ತಿಟ್ಟಿರುವುದು ದೋಣಿಯ ಇಂಜಿನ್ ಕೀಲಿ. ಇರುವುದು ಅದೊಂದೇ. ಇದನ್ನು ನಿನಗೆ ತಂದುಕೊಡುವ ಸಂಜೆ ಬಸ್ಸಿನ ಕಂಡಕ್ಟರಣ್ಣನಿಗೆ ಒಳಗೇನಿದೆ ಎಂದು ಹೇಳುವುದಿಲ್ಲ. ಗಾಳಿ ದಾಟಿತು ಎಂದು ಇಲಾಖೆಯ ಪುಟದಲ್ಲಿ ಬರುವ ತನಕ ವಾಪಸ್ ಕಳಿಸಬೇಡ, ತಾರೀಕು ನೋಡಿಕೋ. ಅಪ್ಪ ಮನೆಯೆಲ್ಲ ತಲೆಕೆಳಗು ಮಾಡಿ ಹುಡುಕುತ್ತಾರೆ, ನನ್ನನ್ನೂ ಕೇಳುತ್ತಾರೆ. ಕೇಳಲಿ. ನಾನು ಹೇಗೂ ಮೂಗಿ ತಾನೇ.